ಒಂದಕ್ಷರ ತಿದ್ದುವ ಮುನ್ನ: ಮುಕ್ತ ತಂತ್ರಾಂಶದ ಕೆಲಸಕ್ಕೆ ಲ್ಯಾಪ್‌ಟಾಪ್ ಸಜ್ಜುಗೊಳಿಸುವ ಬಗೆ

ಹಾವೇರಿಯಿಂದ ಹುಬ್ಬಳ್ಳಿಗೆ ಓದಲು ಬಂದ ವಿದ್ಯಾರ್ಥಿಯೊಬ್ಬ ಒಂದು ಮುಕ್ತ ತಂತ್ರಾಂಶದ ಕನ್ನಡ ಅನುವಾದದಲ್ಲಿ ‘ಉಳಿಸು’ ಎಂದಿರಬೇಕಾದಲ್ಲಿ ‘ಉಲಿಸು’ ಎಂದಿರುವುದನ್ನು ಕಂಡು, ತಿದ್ದಿ ಕಳುಹಿಸಿದ. ತಿದ್ದಿದ್ದು ಒಂದೇ ಅಕ್ಷರವಾದರೂ ಅವನ ಪುಲ್ ರಿಕ್ವೆಸ್ಟ್‌ನಲ್ಲಿ (‘ನನ್ನ ತಿದ್ದುಪಡಿ ಸೇರಿಸಿಕೊಳ್ಳಿ’ ಎಂಬ ಕೋರಿಕೆಯಲ್ಲಿ) ನೂರಾರು ಕಡತಗಳ ಅಷ್ಟೂ ಸಾಲುಗಳು ಬದಲಾಗಿರುವಂತೆ ಕಾಣುತ್ತಿತ್ತು. ನಿರ್ವಾಹಕರು ಓದುವ ಗೋಜಿಗೂ ಹೋಗದೆ ಅದನ್ನು ಮುಚ್ಚಿದರು. ವಿದ್ಯಾನಗರದ ನನ್ನ ಕೋಣೆಯಲ್ಲಿ ಭಾನುವಾರಗಳಂದು ಸೇರುವ ವಿದ್ಯಾರ್ಥಿಗಳು ಇದೇ ಹಳ್ಳಕ್ಕೆ ಮತ್ತೆ ಮತ್ತೆ ಬೀಳುವುದನ್ನು ಕಂಡು ಈ ಲೇಖನ ಬರೆಯುತ್ತಿದ್ದೇನೆ.

ಮೊದಲನೆಯದು, ವಿಂಡೋಸ್‌ನಂತೆಯೇ ಲ್ಯಾಪ್‌ಟಾಪನ್ನು ನಡೆಸುವ ಮುಕ್ತ ವ್ಯವಸ್ಥೆಯಾದ ಲಿನಕ್ಸ್. ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ಲಿನಕ್ಸ್‌ನ ಜನಪ್ರಿಯ ರೂಪವಾದ ಉಬುಂಟುವಿನ ಬದಲು ಹಗುರವಾದ ಲುಬುಂಟು ಹಾಕಿಕೊಳ್ಳಿ. ವಿಂಡೋಸ್ ಬಿಡಲಾಗದವರು ಆದೇಶ ಬರೆಯುವ ಕಿಟಕಿಯಾದ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಡಬ್ಲ್ಯುಎಸ್‌ಎಲ್ --ಇನ್‌ಸ್ಟಾಲ್’ ಎಂಬ ಆದೇಶ ಕೊಟ್ಟರೆ ವಿಂಡೋಸ್ ಒಳಗೇ ಉಬುಂಟು ಬಂದು ಕೂರುತ್ತದೆ. ಅಲ್ಲಿ ಮೊದಲ ಸಲ ಪಾಸ್‌ವರ್ಡ್ ಬರೆಯುವಾಗ ಪರದೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಬೇಡಿ. ಅಂಗಡಿಯವರು ಉಚಿತವೆಂದು ಹಾಕಿಕೊಡುವ ‘ವೇಗವರ್ಧಕ’ ತಂತ್ರಾಂಶಗಳನ್ನು ಮಾತ್ರ ಅದೇ ದಿನ ಕಿತ್ತುಹಾಕಿ. ಅವು ಲ್ಯಾಪ್‌ಟಾಪನ್ನು ಇನ್ನಷ್ಟು ನಿಧಾನಗೊಳಿಸುವುದನ್ನಷ್ಟೇ ನಾನು ಕಂಡಿದ್ದೇನೆ.

ಬಳಿಕ, ಕಡತಗಳ ಬದಲಾವಣೆಗಳ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶ ಹಾಕಿಕೊಂಡು ಹೆಸರು, ಇ–ಮೇಲ್ ವಿಳಾಸ ಬರೆಯಿರಿ. ಆ ವಿಳಾಸ ನಿಮ್ಮ ಪ್ರತಿಯೊಂದು ತಿದ್ದುಪಡಿಯ ಜೊತೆ ಎಲ್ಲರಿಗೂ ಕಾಣುವಂತೆ ಉಳಿಯುವುದರಿಂದ, ಇಂಥ ಯೋಜನೆಗಳನ್ನು ಇರಿಸುವ ಜಾಲತಾಣವಾದ ಗಿಟ್‌ಹಬ್ ಕೊಡುವ ‘ನೋ ರಿಪ್ಲೈ’ ವಿಳಾಸವೇ ಲೇಸು. 2021ರ ಆಗಸ್ಟ್‌ನಿಂದ ಗಿಟ್ ಆದೇಶಗಳಿಗೆ ಗಿಟ್‌ಹಬ್ ಪಾಸ್‌ವರ್ಡ್ ಒಪ್ಪುವುದಿಲ್ಲವಾದ್ದರಿಂದ ಅದರ ಬದಲು ನಿಮ್ಮ ಗುರುತು ಸಾರುವ ಎಸ್‌ಎಸ್‌ಎಚ್ ಕೀಲಿಯೊಂದನ್ನು ಸೃಷ್ಟಿಸಿಕೊಳ್ಳಿ. ಆಗ ಎರಡು ಕಡತಗಳು ಹುಟ್ಟುತ್ತವೆ. ಹೆಸರಿನ ಕೊನೆಗೆ ‘ಪಬ್’ ಎಂದಿರುವುದು ಗಿಟ್‌ಹಬ್‌ಗೆ. ಇನ್ನೊಂದು ಯಾರಿಗೂ ಅಲ್ಲ, ಸಹಾಯ ಕೇಳುವ ನೆಪದಲ್ಲಿ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೂ ಅಲ್ಲ.

ಫೋರ್ಕ್ ಮಾಡುವುದು, ಅಂದರೆ ಯೋಜನೆಯ ನಕಲನ್ನು ಗಿಟ್‌ಹಬ್‌ನ ನಿಮ್ಮ ಖಾತೆಗೆ ತಂದುಕೊಳ್ಳುವುದು, ಒಂದು ಗುಂಡಿ ಒತ್ತುವಷ್ಟರ ಕೆಲಸ. ಎಡವುವುದೆಲ್ಲ ಅದರ ಮುಂದಿನ ಹೆಜ್ಜೆಯಾದ ಕ್ಲೋನ್‌ನಲ್ಲಿ, ಅಂದರೆ ಆ ನಕಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವಲ್ಲಿ. ಹಾವೇರಿಯ ವಿದ್ಯಾರ್ಥಿ ವಿಂಡೋಸ್‌ನ ಗಿಟ್ ಬಳಸಿ ಸಿ ಡ್ರೈವ್‌ನಲ್ಲಿ ಕ್ಲೋನ್ ಮಾಡಿಕೊಂಡು, ಆಮೇಲೆ ಅದೇ ಫೋಲ್ಡರನ್ನು ಉಬುಂಟುವಿನ ಗಿಟ್‌ನಿಂದ ತೆರೆದಿದ್ದ. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತುಗಳಿರುತ್ತವೆ, ಲಿನಕ್ಸ್‌ನಲ್ಲಿ ಒಂದೇ. ವಿಂಡೋಸ್‌ನ ಗಿಟ್ ಕಡತಗಳನ್ನು ಇಳಿಸಿಕೊಳ್ಳುವಾಗ ಸಾಮಾನ್ಯವಾಗಿ ಆ ಎರಡನೆಯ ಗುರುತನ್ನು ತಾನಾಗಿ ಸೇರಿಸುತ್ತದೆ. ಉಬುಂಟುವಿನ ಗಿಟ್ ಅದನ್ನು ನೋಡಿ, ಪ್ರತಿಯೊಂದು ಸಾಲೂ ಬದಲಾಗಿದೆ ಎಂದು ತಿಳಿಯುತ್ತದೆ. ಆ ಸ್ಥಿತಿಯಲ್ಲಿ ಕಳುಹಿಸಬೇಕಾದ ಕಡತಗಳನ್ನು ಆರಿಸುವ ‘ಗಿಟ್ ಆ್ಯಡ್’ ಆದೇಶದ ನಂತರ ಚುಕ್ಕಿಯಿಟ್ಟು ಎಲ್ಲವನ್ನೂ ಒಟ್ಟಿಗೆ ಸೇರಿಸಿಬಿಟ್ಟರೆ ಕೆಲಸ ಕೆಟ್ಟಿತೆಂದೇ ಅರ್ಥ. ಈ ಚುಕ್ಕಿಯ ಅಡ್ಡದಾರಿಯನ್ನು ನಾನು ಯಾರಿಗೂ ಕಲಿಸುವುದಿಲ್ಲ. ತಿದ್ದಿದ ಕಡತದ ಹೆಸರನ್ನೇ ಬರೆಯಿರಿ.

ಆದ್ದರಿಂದ ಉಬುಂಟು ಟರ್ಮಿನಲ್‌ನಲ್ಲಿ ಮೊದಲು ‘ಸಿಡಿ’ ಎಂದಷ್ಟೇ ಬರೆದು ಎಂಟರ್ ಒತ್ತಿ, ಬಳಿಕ ನೀವು ಯಾವ ಫೋಲ್ಡರ್‌ನಲ್ಲಿದ್ದೀರೆಂದು ಹೇಳುವ, ನಮ್ಮ ಲೋಕೋಪಯೋಗಿ ಇಲಾಖೆಯನ್ನು ನೆನಪಿಸುವ ‘ಪಿಡಬ್ಲ್ಯುಡಿ’ ಆದೇಶ ಕೊಡಿ. ಉತ್ತರ ‘ಹೋಮ್’ ಎಂದು ಆರಂಭವಾದರೆ ಅಲ್ಲಿಯೇ ಕ್ಲೋನ್ ಮಾಡಿ. ‘ಎಂಎನ್‌ಟಿ’ ಎಂದು ಆರಂಭವಾದರೆ ನೀವು ಇನ್ನೂ ವಿಂಡೋಸ್‌ನ ಅಂಗಳದಲ್ಲಿದ್ದೀರಿ. ಅಲ್ಲಿ ಕೆಲಸವೂ ಆಮೆನಡಿಗೆಯಲ್ಲಿ ಸಾಗುತ್ತದೆ. ಅರ್ಧಕ್ಕೆ ನಿಂತ ಕ್ಲೋನ್ ನಿಂತಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದಲೇ ಆರಂಭವಾಗಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿದವರು ಕ್ಲೋನ್ ಆದೇಶಕ್ಕೆ ‘--ಡೆಪ್ತ್ 1’ ಎಂದು ಸೇರಿಸಿ, ಹಳೆಯ ಇತಿಹಾಸ ಬಿಟ್ಟು ಇಂದಿನ ಕಡತಗಳನ್ನಷ್ಟೇ ತರಿಸಿಕೊಳ್ಳುವುದು ಜಾಣತನ.

ಈಗ ಗಿಟ್‌ನ ಲೆಕ್ಕದಲ್ಲಿ ‘ಒರಿಜಿನ್’ ಎಂಬುದು ನಿಮ್ಮ ಫೋರ್ಕ್. ಮೂಲ ಯೋಜನೆಯ ವಿಳಾಸವನ್ನು ‘ಅಪ್‌ಸ್ಟ್ರೀಮ್’ ಎಂಬ ಹೆಸರಿನಲ್ಲಿ ನೀವೇ ಸೇರಿಸಬೇಕು. ಈ ವಿಳಾಸಗಳನ್ನು ತೋರಿಸುವ ‘ಗಿಟ್ ರಿಮೋಟ್ -ವಿ’ ಎಂದಾಗ ನಾಲ್ಕು ಸಾಲು ಕಾಣಬೇಕು. ಎರಡೇ ಕಂಡರೆ ಹೆಜ್ಜೆ ತಪ್ಪಿದೆ. ಯೋಜನೆಯ ಮುಖ್ಯ ಕವಲಾದ ‘ಮೇನ್’ ಬ್ರಾಂಚನ್ನು ಮುಟ್ಟದೆ, ಪ್ರತಿ ತಿದ್ದುಪಡಿಗೂ ಹೊಸ ಬ್ರಾಂಚ್ ತೆರೆಯಿರಿ.

ಯೋಜನೆಗೆ ಬೇಕಾದ ಇತರ ಸಾಮಗ್ರಿಗಳನ್ನು ‘ಕಾಂಟ್ರಿಬ್ಯೂಟಿಂಗ್’ ಎಂಬ ಕಡತ ಓದಿ, ಅದು ಹೇಳಿದ ಆವೃತ್ತಿಯಲ್ಲಿಯೇ ಹಾಕಿಕೊಳ್ಳಿ. ಪೈಥಾನ್ ಭಾಷೆಯ ಯೋಜನೆಯಾದರೆ, ಅದರ ಸಾಮಗ್ರಿಗಳನ್ನು ಪ್ರತ್ಯೇಕವಾಗಿಡುವ ‘ವಿಎನ್ವ್’ ಕಡ್ಡಾಯ. ದೋಷ ಬಂದಾಗಲೆಲ್ಲ ಪೈಥಾನ್ ಸಾಮಗ್ರಿ ತರುವ ‘ಪಿಪ್’ ಆದೇಶಕ್ಕೆ ಮೊದಲು, ಪೂರ್ಣ ಅಧಿಕಾರ ಕೊಡುವ ‘ಸುಡೋ’ ಅಂಟಿಸುವವರು ಕೊನೆಗೆ ಉಬುಂಟುವನ್ನೇ ಮತ್ತೆ ಹಾಕಬೇಕಾಗಿ ಬಂದದ್ದುಂಟು. ಒಂದಕ್ಷರವನ್ನೂ ಮುಟ್ಟುವ ಮೊದಲು ತಂತ್ರಾಂಶ ಸರಿಯಿದೆಯೇ ಎಂದು ನೋಡುವ ಯೋಜನೆಯ ಪರೀಕ್ಷೆಗಳನ್ನೆಲ್ಲ ಒಮ್ಮೆ ಓಡಿಸಿ, ಆಗಲೇ ವಿಫಲವಾದವುಗಳನ್ನು ಬರೆದಿಟ್ಟುಕೊಳ್ಳಿ. ಅವುಗಳ ಹೊಣೆ ನಿಮ್ಮದಲ್ಲ.

ತಿದ್ದಿದ ಮೇಲೆ, ‘ಗಿಟ್ ಆ್ಯಡ್’ ಕೊಡುವ ಮೊದಲು, ಬದಲಾದ ಸಾಲುಗಳನ್ನು ತೋರಿಸುವ ‘ಗಿಟ್ ಡಿಫ್’ ನೋಡಿ. ಹಾವೇರಿಯ ವಿದ್ಯಾರ್ಥಿ ಎಲ್ಲವನ್ನೂ ಅಳಿಸಿ ಹೊಸದಾಗಿ ಕ್ಲೋನ್ ಮಾಡಿ, ಮತ್ತೆ ತಿದ್ದಿ ಈ ಆದೇಶ ಕೊಟ್ಟಾಗ ಪರದೆಯ ಮೇಲೆ ಬದಲಾದ ಸಾಲುಗಳೆಂದು ಎರಡೇ ಇದ್ದವು: ಕೆಂಪು ಬಣ್ಣದಲ್ಲಿ ‘ಉಲಿಸು’, ಅದರ ಕೆಳಗೆ ಹಸಿರು ಬಣ್ಣದಲ್ಲಿ ‘ಉಳಿಸು’.