ಜನರೇಟರ್ ಕೊಳ್ಳುವ ಮೊದಲು ಈ ಲೆಕ್ಕ ಹಾಕಿ

ಎಲ್ಲ ಉಪಕರಣಗಳ ವ್ಯಾಟ್ ಸುಮ್ನೆ ಕೂಡಿಸಬೇಡಿ. ಅತಿ ದೊಡ್ಡ ಮೋಟಾರಿನ ವ್ಯಾಟನ್ನು ಮೂರರಿಂದ ಗುಣಿಸಿ, ಉಳಿದದ್ದನ್ನು ಅದಕ್ಕೆ ಸೇರಿಸಿ. ಪಂಪು, ಫ್ರಿಜ್ಜಿನ ಮೋಟಾರು ಶುರುವಾಗುವ ಆ ಒಂದೆರಡು ಕ್ಷಣ ಕರೆಂಟನ್ನು ಹಲವು ಪಟ್ಟು ಜಾಸ್ತಿ ಎಳೆಯುತ್ತದೆ, ಅದಕ್ಕೇ ಚಿಕ್ಕ ಜನರೇಟರ್ ಅಲ್ಲೇ ನಿಂತುಬಿಡುತ್ತದೆ. ಉದಾಹರಣೆಗೆ ನಾಲ್ಕು ಫ್ಯಾನು 300, ಹತ್ತು ಎಲ್‌ಇಡಿ ಬಲ್ಬು 100, ಫ್ರಿಜ್ಜು 150, ಅರ್ಧ ಎಚ್‌ಪಿ ಪಂಪು ಸುಮಾರು 600 ವ್ಯಾಟ್. ಬರೀ ಕೂಡಿಸಿದರೆ 1,150. ಪಂಪಿಗೆ 1,800 ಹಿಡಿದರೆ 2,350! ಇನ್ನೊಂದು ವಿಷಯ, ಜನರೇಟರಿನ ಲೇಬಲ್ ಮೇಲೆ ಕೆವಿಎ (ಸಾಮರ್ಥ್ಯದ ಇನ್ನೊಂದು ಅಳತೆ) ಇದ್ದರೆ ಸಾಮಾನ್ಯವಾಗಿ 0.8ರಿಂದ ಗುಣಿಸಿದಾಗಲೇ ಕಿಲೋವ್ಯಾಟ್ ಸಿಗುವುದು. ಅಂದರೆ ಇಲ್ಲಿ 3 ಕೆವಿಎ ಬೇಕು, ಅದೂ ಸ್ವಲ್ಪ ಹೊತ್ತು ಮಾತ್ರ ಕೊಡಬಲ್ಲ ‘ಮ್ಯಾಕ್ಸ್’ ಅಲ್ಲ, ಸತತವಾಗಿ ಕೊಡುವ ‘ರೇಟೆಡ್’ ಅಂಕಿ ನೋಡಿ. ಫ್ರಿಜ್ಜು, ಪಂಪು ಒಟ್ಟಿಗೇ ಶುರುವಾದರೆ ಈ ಲೆಕ್ಕ ಸಾಲದು, ಪಂಪು ಹಾಕುವಾಗ ಫ್ರಿಜ್ ಆಫ್ ಮಾಡಿ. ಕೆಲವು ಮೋಟಾರು ಮೂರು ಪಟ್ಟಿಗಿಂತಲೂ ಜಾಸ್ತಿ ಎಳೆಯುತ್ತವೆ, ಇನ್ವರ್ಟರ್ ಎಸಿಗೆ ಅಷ್ಟು ಬೇಕಾಗುವುದಿಲ್ಲ. ತ್ರೀ ಫೇಸ್ ಬೋರ್‌ವೆಲ್ ಮೋಟಾರಿಗೆ ಸಿಂಗಲ್ ಫೇಸ್ ಜನರೇಟರ್ ನೇರವಾಗಿ ಆಗುವುದೇ ಇಲ್ಲ. ಎಷ್ಟೇ ಮಳೆಯಿರಲಿ, ದಯವಿಟ್ಟು ಜನರೇಟರನ್ನು ಮನೆಯೊಳಗೆ ಅಥವಾ ವರಾಂಡದಲ್ಲಿ ಓಡಿಸಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವವನ್ನೇ ತೆಗೆಯುತ್ತದೆ.