ಆಂಟ್ವರ್ಪ್ ಹೋದ್ರ ಗ್ರೋಟೆ ಮಾರ್ಕ್ಟ್‌ಗೆ ನದಿ ಕಡಿಂದ ಬರ್ರಿ

ನಮ್ಮ ಬೀದರಿನ ಹುಡುಗ್ರು ಈಗ ಬೆಲ್ಜಿಯಂ, ಜರ್ಮನಿ ಅಂತ ಓದ್ಲಾಕ, ನೌಕರಿಗೆ ಹೋಗ್ಲಾಕತ್ಯಾರ, ಅವರ ಹಿಂದ ಅಪ್ಪ ಅವ್ವನೂ ಒಂದು ತಿಂಗಳಿಗೆ ಹೊಂಟಾರ. ಮೊನ್ನೆ ಉಸ್ಮಾನ್ ಗಂಜ್‌ನಾಗ ಸಿಕ್ಕವರೊಬ್ರು ಕೇಳಿದ್ರು, ಮಗ ಬ್ರಸೆಲ್ಸ್‌ನಾಗ ಇದ್ದಾನ, ಒಂದು ದಿನ ಆಂಟ್ವರ್ಪ್ ನೋಡ್ಬೇಕು, ಅಲ್ಲಿಂದು ಗ್ರೋಟೆ ಮಾರ್ಕ್ಟ್ ಅನ್ನೋ ಹಳೆ ಚೌಕ ಹೆಂಗ ನೋಡೋದು ಅಂತ. ನಾ ಎರಡು ಸಲ ಹೋಗೀನಿ. ಮೊದಲ್ನೇ ಸಲ ಪೂರಾ ತಪ್ಪು ನೋಡ್ದೆ. ಸ್ಟೇಷನ್‌ನಿಂದ ಸೀದಾ ಅಂಗಡಿ ಬೀದಿ ಹಿಡ್ಕೊಂಡು ಹೋಗಿ, ಕಾರಂಜಿ ಮುಂದ ಫೋಟೋ ಹೊಡ್ಕೊಂಡು, ಇಷ್ಟೇನಾ ಅಂತ ಇಪ್ಪತ್ತು ನಿಮಿಷಕ್ಕ ವಾಪಸ್. ಎರಡನೇ ಸಲ ನದಿ ಕಡಿಂದ ಬಂದೆ, ಆಗ ತಿಳೀತು ಅದು ಏನು ಜಾಗ ಅಂತ. ನೀವಾದ್ರೂ ಮೊದಲ್ನೇ ಸಲಾನೇ ಹಂಗ ಮಾಡ್ರಿ.

ಬ್ರಸೆಲ್ಸ್‌ನಿಂದ ಟ್ರೈನ್‌ಗೆ ಮುಕ್ಕಾಲು ತಾಸು, ಸ್ವಲ್ಪ ಹೆಚ್ಚು ಕಮ್ಮಿ. ಬ್ರಸೆಲ್ಸ್ ಸ್ಟೇಷನ್ ಬೋರ್ಡ್‌ನಾಗ ಒಮ್ಮೆ ಆಂಟ್ವರ್ಪನ್ ಅಂತ ಬರ್ತದ, ಒಮ್ಮೆ ಫ್ರೆಂಚ್‌ನಾಗ ಆನ್ವೆರ್ ಅಂತ ಬರ್ತದ, ಗಾಬರಿ ಆಗಬ್ಯಾಡ್ರಿ, ಎರಡೂ ಒಂದೇ ಊರು. ಆದ್ರ ಅಲ್ಲಿ ಇಳಿದ ಮ್ಯಾಲ ಫ್ರೆಂಚ್ ಮಾತಾಡ್ಲಾಕ ಹೋಗಬ್ಯಾಡ್ರಿ, ಅದು ಡಚ್ ಮಾತಾಡೋ ಊರು, "ದಾಂಕ್ ಯು" ಅಂದ್ರ ಖುಷಿ ಪಡ್ತಾರ, ಇಂಗ್ಲಿಷ್ ಎಲ್ಲರಿಗೂ ಬರ್ತದ. ಸೆಂಟ್ರಲ್ ಸ್ಟೇಷನ್ 1905ರದು, ಒಳಗ ನಿಂತು ತಲಿ ಎತ್ತಿದ್ರ ಸ್ಟೇಷನ್ನೋ ಅರಮನಿನೋ ಗೊತ್ತಾಗಲ್ಲ, ಹತ್ತು ನಿಮಿಷ ಅಲ್ಲೇ ಕಳೀರಿ. ಅಲ್ಲಿಂದ ನೆಲದೊಳಗಿನ ಟ್ರಾಮ್ ಹಿಡಿದು ಖ್ರೂನ್‌ಪ್ಲಾಟ್ಸ್‌ಗೆ ಇಳೀರಿ. ನಡಿಯೋ ತಾಕತ್ತಿದ್ರ ಮೇರ್ ಅನ್ನೋ ಬೀದಿ ಅದ, ಒಂದೂವರೆ ಎರಡು ಕಿಲೋಮೀಟರ್, ಆದ್ರ ಅದು ಬರೇ ಬ್ರಾಂಡ್ ಅಂಗಡಿ, ಹೈದರಾಬಾದ್‌ನಾಗ ನೋಡಿದ್ದೇ.

ಖ್ರೂನ್‌ಪ್ಲಾಟ್ಸ್‌ನಿಂದ ಚೌಕ ಎರಡು ಹೆಜ್ಜೆ. ಹೋಗಬ್ಯಾಡ್ರಿ. ಅದನ್ನ ಬಿಟ್ಟು ನದಿ ಕಡೆ ನಡೀರಿ, ಐದಾರು ನಿಮಿಷ ಅಷ್ಟೇ. ಪೋರ್ಟ್ ಸಿಟಿ ಅಂದ್ರ ನಮ್ಮ ಮಂದಿ ಸಮುದ್ರ ಹುಡುಕ್ತಾರ, ನನ್ನ ಜೋಡಿ ಬಂದಿದ್ದ ಮಾವ ಬೀಚ್ ಎಲ್ಲದ ಅಂತ ಮೂರು ಸಲ ಕೇಳಿದ್ರು. ಸಮುದ್ರ ಸುಮಾರು 80 ಕಿಲೋಮೀಟರ್ ದೂರ ಅದ್ರಿ. ಇಲ್ಲಿರೋದು ಸ್ಖೆಲ್ಡೆ ನದಿ, ಹಡಗು ಅದರಾಗೇ ಬರ್ತಿದ್ವು. ಈಗಿನ ಬಂದರು ಊರಿನ ಉತ್ತರಕ್ಕ ಸರದದ, ಯುರೋಪಿನಾಗ ರಾಟರ್‌ಡ್ಯಾಮ್ ಬಿಟ್ರ ಇದೇ ದೊಡ್ಡದು, ಆದ್ರ ಚೌಕದ ಹತ್ರ ಒಂದು ದೊಡ್ಡ ಹಡಗೂ ಕಾಣಲ್ಲ.

ನದಿ ದಂಡಿಗೆ ಸ್ಟೇನ್ ಅನ್ನೋ ಸಣ್ಣ ಕಲ್ಲಿನ ಕೋಟೆ ಅದ, ಊರಾಗಿನ ಹಳೆ ಕಟ್ಟಡ ಅದೇ. ನಮ್ಮ ಬೀದರ್ ಕೋಟೆ ನೋಡಿದವರಿಗೆ ಇದೇನು ಕೋಟೆ ಅಂತ ನಗು ಬರ್ತದ, ಬರ್ಲಿ. ಮೊದಲು ದೊಡ್ಡದಿತ್ತು, 1880ರ ದಶಕದಾಗ ನದಿ ದಂಡಿ ನೆಟ್ಟಗ ಮಾಡ್ಲಾಕ ಅಕ್ಕಪಕ್ಕದ ಹಳೆ ಮನಿಗೋಳು, ಕೋಟೆದು ದೊಡ್ಡ ಭಾಗ ಎಲ್ಲಾ ಕೆಡವಿಬಿಟ್ರು. ಅಲ್ಲೇ ನಿಂತು ಒಂದು ವಿಚಾರ ಮಾಡ್ರಿ, 1501ರಾಗ ಪೋರ್ಚುಗೀಸರು ಹಿಂದೂಸ್ತಾನದ ಮೆಣಸು ತುಂಬ್ಕೊಂಡು ಇಲ್ಲಿಗೇ ಬಂದ್ರು, ಆಮ್ಯಾಲ ಐವತ್ತು ಅರವತ್ತು ವರ್ಷ ಯುರೋಪಿನ ದೊಡ್ಡ ಸಾವಕಾರರೆಲ್ಲಾ ಈ ಊರಾಗೇ ಕುಂತಿದ್ರು. ಅಲ್ಲಿಂದ ಚೌಕಕ್ಕ ಹೋಗೋ ಬೀದಿ ಹೆಸರು ಸಾಯ್ಕರ್‌ರಾಯ್, ಅಂದ್ರ ಸಕ್ಕರಿ ಕಾಲುವೆ. ಕಾಲುವೆ ಈಗ ಕಾಣಲ್ಲ, ಮುಚ್ಚಿ ಮ್ಯಾಲ ಬೀದಿ ಮಾಡ್ಯಾರ, ನೀವು ನಡಿಯೋದು ಅದರ ನೆತ್ತಿ ಮ್ಯಾಲ. ಟಿಕೆಟ್ ತಗೊಂಡು ಗಮ್‌ಬೂಟ್ ಹಾಕ್ಕೊಂಡು ಕೆಳಗ ಇಳಿದು ನೋಡೋ ವ್ಯವಸ್ಥೆನೂ ಅದ, ವಾಸನೆ ಅಂದ್ರ ಆಗದವರು ಬಿಡ್ರಿ.

ಆ ಬೀದಿ ಮುಗಿದ ಕೂಡ್ಲೇ ಚೌಕ ತೆರ್ಕೋತದ. ಒಂದು ಕಡೆ ಪೂರಾ ಹಿಡ್ದಿರೋದು ಸ್ಟಾಡ್‌ಹೌಸ್, ನಮ್ಮ ಲೆಕ್ಕದಾಗ ನಗರಸಭೆ, 1561ರಿಂದ 1565ರೊಳಗ ಕಟ್ಟಿದ್ದು. ಎಲ್ಲರೂ ಮ್ಯಾಲಿನ ಬಾವುಟ, ಮೂರ್ತಿ ನೋಡ್ತಾರ, ನೀವು ಮೊದಲು ಕೆಳಗ ನೋಡ್ರಿ. ನೆಲದ ಅಂತಸ್ತಿನ ಒರಟು ಕಲ್ಲಿನ ಕಮಾನುಗೋಳೊಳಗ ಮೊದಲು ಸಣ್ಣ ಸಣ್ಣ ಅಂಗಡಿ ಇದ್ವು, ಬಾಡಿಗಿ ರೊಕ್ಕ ಕಟ್ಟಡದ ಖರ್ಚಿಗೆ. ನಗರಸಭೆ ಮಳಿಗಿ ಬಾಡಿಗಿಗೆ ಕೊಡೋದು ನಮ್ಮಲ್ಲೇ ಹುಟ್ಟಿದ್ದು ಅಂದ್ಕೊಂಡಿದ್ದೆ. ಕಟ್ಟಿ ಹನ್ನೊಂದು ವರ್ಷಕ್ಕ, 1576ರಾಗ, ಪಗಾರ ಸಿಗದ ಸ್ಪೇನ್ ಸಿಪಾಯಿಗೋಳು ದಂಗೆ ಎದ್ದು ಊರು ಲೂಟಿ ಮಾಡಿ ಇದಕ್ಕೂ ಬೆಂಕಿ ಹಚ್ಚಿದ್ರು, ಗ್ವಾಡಿ ಉಳದ್ವು, ಮತ್ತ ಕಟ್ಟಿದ್ರು. 1585ರಾಗ ಊರು ಮತ್ತ ಸ್ಪೇನ್ ಕೈಗೆ ಹೋತು, ನದಿ ಬಾಯಿ ಡಚ್ಚರು ಬಂದ್ ಮಾಡಿದ್ರು, ಸಾವಕಾರರು ಗಂಟು ಕಟ್ಕೊಂಡು ಆಮ್‌ಸ್ಟರ್‌ಡ್ಯಾಮ್ ಕಡೆ ಹೋದ್ರು. ಕಟ್ಟಡದ ಎದುರಿಗೆ ನಡುವ ಕಾಣೋ ಏಸುವಿನ ತಾಯಿ ಮರಿಯಮ್ಮನ ಮೂರ್ತಿ 1587ರದು, ಅದಕ್ಕಿಂತ ಮೊದಲು ಅಲ್ಲಿ ಬ್ರಾಬೋ ನಿಂತಿದ್ದ.

ಬ್ರಾಬೋ ಯಾರಂದ್ರ ಕಾರಂಜಿ ಮ್ಯಾಲ ಬತ್ತಲೆ ನಿಂತು ಕೈ ಬೀಸಿ ಒಗೀಲಾಕತ್ತಾನಲ್ಲ, ಅವನೇ. ಕಥಿ ಏನದ ಅಂದ್ರ, ಅಂಟಿಗೋನ್ ಅನ್ನೋ ರಾಕ್ಷಸ ನದಿ ದಂಡಿಗೆ ಕುಂತು ಹಡಗಿನವರ ಕಡಿಂದ ಸುಂಕ ವಸೂಲಿ ಮಾಡ್ತಿದ್ದ, ಕೊಡದವರ ಕೈ ಕಡೀತಿದ್ದ, ಬ್ರಾಬೋ ಬಂದು ಅವನದೇ ಕೈ ಕಡಿದು ನದಿಗೆ ಒಗ್ದ. ಊರಿನ ಹೆಸರು ಇದರಿಂದನೇ ಬಂತು ಅಂತ ಹೇಳ್ತಾರ, ಡಚ್‌ನಾಗ ಹಾಂಟ್ ವೆರ್ಪನ್ ಅಂದ್ರ ಕೈ ಒಗಿಯೋದು, ಪಂಡಿತರು ಒಪ್ಪಲ್ಲ, ಊರವರು ಬಿಡಲ್ಲ. ಮೂರ್ತಿ 1887ರದು, ಮಾಡಿದವ ಯೆಫ್ ಲಾಂಬೋ. ಇದಕ್ಕ ತೊಟ್ಟಿನೇ ಇಲ್ಲ ನೋಡ್ರಿ, ನೀರು ಕಲ್ಲಿನ ಮ್ಯಾಲ ಬಿದ್ದು ಸಂದಿಯೊಳಗ ಇಳಿದು ಹೋಗ್ತದ, ಹುಡುಗ್ರು ಹತ್ತಿ ಜಾರ್ತಾವ, ಕೈ ಹಿಡ್ಕೊಳ್ರಿ. ಕೈ ಆಕಾರದ ಬಿಸ್ಕಿಟ್ ಎಲ್ಲಾ ಕಡೆ ಮಾರ್ತಾರ, 1934ರಿಂದ ಬಂದದ್ದು, ಮನಿಗೆ ತರ್ಲಾಕ ಚಲೋ, ಚಾಕಲೇಟ್‌ನಂಗ ಕರಗಲ್ಲ.

ಉಳಿದ ಬದಿಗೆ ಎತ್ತರದ ಸಪೂರ ಮನಿ, ನೆತ್ತಿ ಮ್ಯಾಲ ಬಂಗಾರದ ಮೂರ್ತಿ. ಇವು ಕಸುಬಿನ ಸಂಘದವರ ಮನಿಗೋಳು, ಪೀಪಾಯಿ ಮಾಡೋರದೊಂದು, ಬಿಲ್ಲಿನವರದೊಂದು, ಬಿಲ್ಲಿನವರದರ ಮ್ಯಾಲ ಕುದುರಿ ಹತ್ತಿ ಡ್ರ್ಯಾಗನ್ ಕೊಲ್ಲೋ ಸೇಂಟ್ ಜಾರ್ಜ್ ಇದ್ದಾನ. ಮುಂಭಾಗ ಭಾಳಷ್ಟು ಆಮ್ಯಾಲ ರಿಪೇರಿ ಮಾಡಿದ್ವು, ಎಲ್ಲಾ 16ನೇ ಶತಮಾನದ್ದೇ ಅಂತ ಯಾರಾದ್ರೂ ಹೇಳಿದ್ರ ನಂಬಬ್ಯಾಡ್ರಿ. ನಮ್ಮ ಬಿದ್ರಿ ಕೆಲಸದವರಿಗೆ ಚೌಬಾರಾ ಎದುರಿಗೆ ಇಂಥಾದೊಂದು ಮಾಳಿಗಿ ಇದ್ದಿದ್ರ ಅಂತ ಹೊಟ್ಟಿ ಉರೀತು, ಸುಳ್ಳು ಯಾಕ ಹೇಳ್ಲಿ. ಮನಿಗೋಳ ಹಿಂದ ಕಾಣೋ ಗೋಪುರ ಕ್ಯಾಥೆಡ್ರಲ್‌ದು, 123 ಮೀಟರ್. 1352ಕ್ಕ ಶುರು ಮಾಡಿ 1521ರತನಕ ಕಟ್ಟಿದ್ರು, ಅಂದ್ರ ನಮ್ಮಲ್ಲಿ 1472ರಾಗ ಗವಾನ್ ಮದರಸಾ ಆದಾಗ ಇಲ್ಲಿನ್ನೂ ಕಲ್ಲು ಏರಸ್ಲಾಕತ್ತಿದ್ರು. ಮದರಸಾಕ್ಕ ಒಂದೇ ಮಿನಾರ್ ಉಳಿದದ, ಇದಕ್ಕ ಒಂದೇ ಗೋಪುರ ಪೂರಾ ಆಗದ, ಎರಡನೇದು ಅರ್ಧಕ್ಕ ನಿಂತುಬಿಡ್ತು. ಒಳಗ ರೂಬೆನ್ಸ್‌ನ ನಾಕು ದೊಡ್ಡ ಚಿತ್ರ ಅವ, ಟಿಕೆಟ್ ಇರ್ತದ, ಭಾನುವಾರ ಮುಂಜಾನೆ ಪ್ರಾರ್ಥನೆ ಟೈಮು, ಮಧ್ಯಾಹ್ನ ಹೋಗ್ರಿ.

ಊಟದ ಮಾತು. ಚೌಕದಾಗಿನ ಕುರ್ಚಿ ಮ್ಯಾಲ ಕುಂತ್ರ ಕಾಫಿಗಿಂತ ಜಾಗದ ರೇಟು ಹೆಚ್ಚು, ನೀರೂ ಪುಕ್ಕಟೆ ಕೊಡಲ್ಲ, ಬಾಟ್ಲಿ ಜೋಡಿ ಇರ್ಲಿ. ಶಾಕಾಹಾರಿಗಳು ಇದೊಂದು ನೆನಪಿಟ್ಕೊಳ್ರಿ, ಬೆಲ್ಜಿಯಂ ಆಲೂ ಫ್ರೈಸ್ ಹಳೆ ಪದ್ಧತಿ ಪ್ರಕಾರ ದನದ ಕೊಬ್ಬಿನಾಗ ಕರೀತಾರ, ಎಣ್ಣಿ ಯಾವುದು ಅಂತ ಕೇಳೇ ತಗೋರಿ. ನಾನು ಒಂದು ಪ್ಲೇಟ್ ಮುಗಿಸಿದ ಮ್ಯಾಲ ಕೇಳ್ದೆ. ಸ್ಟೇಷನ್ ಹತ್ರ ವಜ್ರದ ಪೇಟೆ ಅದ, ಅಲ್ಲಿ ಗುಜರಾತಿ ಜೈನ ವ್ಯಾಪಾರಿಗಳು ಭಾಳ, ಹಂಗಾಗಿ ವೆಜ್ ಊಟ ಹುಡುಕೋದು ಆ ಕಡೆ ಸುಲಭ. ಕಾಲಿಗೆ ಶೂ ಇರ್ಲಿ, ನೆಲ ಪೂರಾ ಗುಂಡುಗಲ್ಲು, ಚಪ್ಪಲಿ ತಿರುಗ್ತದ, ಟ್ರಾಲಿ ಬ್ಯಾಗಿನ ಗಾಲಿ ಮುರೀತದ.

ಇನ್ನ ಹೆಸರು ಮಾರ್ಕ್ಟ್ ಅಂತ ಸಂತಿ ಹುಡುಕಬ್ಯಾಡ್ರಿ, ಅಲ್ಲೀಗ ದಿನಾ ಕಾಯಿಪಲ್ಯ ಮಾರಲ್ಲ, ಡಿಸೆಂಬರ್‌ನಾಗ ಕ್ರಿಸ್ಮಸ್ ಅಂಗಡಿ ಹಾಕ್ತಾರ ಅಷ್ಟೇ. ಸುತ್ತಲೂ ಹಾಲಿನ ಮಾರ್ಕೆಟ್, ತತ್ತಿ ಮಾರ್ಕೆಟ್, ಕೈಗವಸಿನ ಅಂದ್ರ ಗ್ಲೌಸಿನ ಮಾರ್ಕೆಟ್ ಅಂತ ಬೀದಿ ಹೆಸರು ಉಳದಾವ, ಸಾಮಾನು ಇಲ್ಲ. ನಿಜವಾದ ಗದ್ದಲ ಬೇಕಂದ್ರ ಶುಕ್ರವಾರ ಮುಂಜಾನೆ ಫ್ರೈಡಾಗ್‌ಮಾರ್ಕ್ಟ್‌ಗೆ ಹೋಗ್ರಿ, ಹಳೆ ಸಾಮಾನು ಹರಾಜ್ ಕೂಗ್ತಾರ, ಭಾಷೆ ತಿಳೀಲಿಲ್ಲಂದ್ರೂ ಗಾಂಧಿ ಗಂಜ್‌ನಾಗ ನಿಂತಂಗ ಆಗ್ತದ. ಶನಿವಾರ, ಭಾನುವಾರ ಆದ್ರ ಥಿಯೇಟರ್‌ಪ್ಲೇನ್ ಕಡೆ ಸಂತಿ.

ಸಂಜಿಮುಂದ ಚೌಕದಿಂದ ತೆಂಕಲಕ್ಕ ಸ್ವಲ್ಪ ನಡದ್ರ ಸೇಂಟ್ ಅನ್ನಾ ಸುರಂಗ. 1933ರದು, ನೆಲದಿಂದ 31 ಮೀಟರ್ ಕೆಳಗ, 572 ಮೀಟರ್ ಉದ್ದ, ನದಿ ಕೆಳಗೇ ನಡೀಬೇಕು, ರೊಕ್ಕ ಇಲ್ಲ. ಇಳಿಯೋ ಎಸ್ಕಲೇಟರ್ ಕಟಿಗಿದು, ಆಗಿನದೇ, ಕಟಕಟ ಅಂತ ಸಪ್ಪಳ ಮಾಡ್ತದ. ಆಚಿ ದಂಡಿಗೆ ಎದ್ದು ತಿರುಗಿ ನೋಡ್ರಿ, ಕೋಟೆ, ಗೋಪುರ, ಮನಿಗೋಳ ನೆತ್ತಿ ಎಲ್ಲಾ ಒಂದೇ ಸಾಲಿನಾಗ, ಹಡಗಿನವರು ನೋಡ್ತಿದ್ದಂಗ. ಜೂನ್‌ನಾಗ ಹೊತ್ತು ಮುಳುಗೋದು ರಾತ್ರಿ ಹತ್ತಕ್ಕ, ಡಿಸೆಂಬರ್‌ನಾಗ ಐದರೊಳಗೇ ಕತ್ತಲ, ಅದನ್ನ ನೋಡ್ಕೊಂಡು ವಾಪಸ್ ಟ್ರೈನ್ ಹಿಡೀರಿ, ಬೆಚ್ಚಗಿನ ಜಾಕೆಟ್ ಇರ್ಲಿ, ಆ ನದಿ ಗಾಳಿ ಬ್ಯಾಸಗಿನಾಗೂ ಕಿವಿ ಕಡೀತದ.