ಕಾಲರ್ಡ್ ಸೊಪ್ಪು, ಅದರ ಕಟ್ಟು, ಸಕ್ಕರೆ ಹಾಕದ ಕಾರ್ನ್‌ಬ್ರೆಡ್

ಸೋಲ್ ಫುಡ್ ಎಂದ ಕೂಡಲೇ ಹೆಚ್ಚಿನವರ ಬಾಯಲ್ಲಿ ಬರುವುದು ಫ್ರೈಡ್ ಚಿಕನ್ ಹೆಸರು. ನನ್ನ ಮಟ್ಟಿಗೆ ಅಮೆರಿಕದ ದಕ್ಷಿಣ ರಾಜ್ಯಗಳ ಆಫ್ರಿಕನ್ ಅಮೆರಿಕನ್ನರ ಆ ಊಟದ ಜೀವ ಇರುವುದು ಸೊಪ್ಪು ಬೇಯಿಸಿದ ನೀರಿನಲ್ಲಿ. ಅಲ್ಲಿಯವರು ಅದಕ್ಕೆ ಪಾಟ್‌ಲಿಕ್ಕರ್ ಅನ್ನುತ್ತಾರೆ. ಬಸ್ಸಾರಿಗೆ ಕಟ್ಟು ಬಸಿದು ಗೊತ್ತಿರುವವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಗುಲಾಮಗಿರಿಯ ಕಾಲದಲ್ಲಿ ಸೊಪ್ಪು ಮಾಲೀಕರ ತಟ್ಟೆಗೆ ಹೋಗುತ್ತಿತ್ತು, ಕಟ್ಟು ಮಾತ್ರ ಅಡುಗೆ ಮಾಡಿದ ಆಫ್ರಿಕನ್ ಮೂಲದವರಿಗೆ ಉಳಿಯುತ್ತಿತ್ತು ಎಂದು ದಕ್ಷಿಣದಲ್ಲಿ ಹೇಳುತ್ತಾರೆ. ರುಚಿ, ಸತ್ವ ಎರಡೂ ಇಳಿದಿರುವುದು ಆ ಕಟ್ಟಿನಲ್ಲೇ.

ಅದಕ್ಕೇ ನಾನು ಮೊದಲು ಕಟ್ಟು ಮಾಡಿಕೊಳ್ಳುತ್ತೇನೆ, ಸೊಪ್ಪು ಆಮೇಲೆ. ಎರಡು ಲೀಟರ್ ನೀರಿಗೆ ಹೊಗೆಯಲ್ಲಿ ಹದ ಮಾಡಿದ ಒಂದು ಟರ್ಕಿ ಕೋಳಿಯ ಕಾಲು, ಸೀಳಿದ ಒಂದು ಈರುಳ್ಳಿ, ಜಜ್ಜಿದ ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ. ಸಣ್ಣ ಉರಿಯಲ್ಲಿ ಒಂದು ಗಂಟೆ. ಹಳೆಯ ಪದ್ಧತಿಯಲ್ಲಿ ಹ್ಯಾಮ್ ಹಾಕ್, ಅಂದರೆ ಹಂದಿಯ ಕಾಲಿನ ಗೆಣ್ಣಿನ ತುಂಡು ಹಾಕುತ್ತಾರೆ. ಅದರ ಜಿಡ್ಡು ಕಟ್ಟನ್ನು ಇನ್ನೂ ಮಂದ ಮಾಡುತ್ತದೆ. ಟರ್ಕಿಯಲ್ಲಿ ಸೊಪ್ಪಿನ ರುಚಿ ಹೆಚ್ಚು ನಿಚ್ಚಳವಾಗಿ ಸಿಗುತ್ತದೆ, ನನಗೆ ಅದೇ ಇಷ್ಟ. ಮಾಂಸ, ಸೊಪ್ಪು ಎರಡನ್ನೂ ಒಟ್ಟಿಗೆ ಹಾಕಿದರೆ ಮಾಂಸ ರಸ ಬಿಡುವ ಮೊದಲೇ ಸೊಪ್ಪು ಬೆಂದು ಕರಗುತ್ತದೆ. ಸಸ್ಯಾಹಾರಿಗಳು ಈರುಳ್ಳಿಯನ್ನು ಎಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಒಂದು ಚಮಚ ಸ್ಮೋಕ್ಡ್ ಪ್ಯಾಪ್ರಿಕಾ (ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ) ಹಾಕಲಿ. ಮಾಂಸ ಬಿಡಬಹುದು, ಹೊಗೆಯ ವಾಸನೆ ಬಿಡುವಂತಿಲ್ಲ.

ಕಾಲರ್ಡ್, ಅಂದರೆ ಎಲೆಕೋಸಿನ ಜಾತಿಯ ಅಗಲ ಎಲೆಯ ಸೊಪ್ಪು, ಒಂದು ಕಿಲೋ. ಎಲೆಯಲ್ಲಿ ಮರಳು ಇದ್ದೇ ಇರುತ್ತದೆ. ಅಗಲದ ಪಾತ್ರೆಯಲ್ಲಿ ನೀರು ತುಂಬಿ, ಎಲೆಗಳನ್ನು ಅದ್ದಿ ಅಲುಗಾಡಿಸಿ, ಕೈಯಿಂದ ಮೇಲಕ್ಕೆತ್ತಬೇಕು. ಪಾತ್ರೆಯನ್ನು ಬಗ್ಗಿಸಿ ನೀರು ಬಸಿದರೆ ತಳದ ಮರಳು ಮತ್ತೆ ಎಲೆಗೇ ಅಂಟುತ್ತದೆ. ಮೂರು ಸಲವಾದರೂ ಹೀಗೆ ತೊಳೆಯಬೇಕು. ನಡುವಿನ ದಪ್ಪ ದಂಟು ತೆಗೆದು, ಎಲೆಗಳನ್ನು ಒಂದರ ಮೇಲೊಂದು ಇಟ್ಟು ಸುತ್ತಿ, ಒಂದಿಂಚು ಅಗಲಕ್ಕೆ ಹೆಚ್ಚಿ, ಹಿಡಿ ಹಿಡಿಯಾಗಿ ಕುದಿಯುವ ಕಟ್ಟಿಗೆ ಹಾಕಿ. ಪಾತ್ರೆ ಮೀರಿ ನಿಂತ ಸೊಪ್ಪು ಹತ್ತು ನಿಮಿಷದಲ್ಲಿ ಕುಗ್ಗುತ್ತದೆ. ಎಳೆಯದಾದರೆ ಮುಕ್ಕಾಲು ಗಂಟೆ, ಬಲಿತದ್ದಾದರೆ ಒಂದೂವರೆ ಗಂಟೆ. ಒಂದು ಚೂರು ಅಗಿದು ನೋಡಿ: ಹಲ್ಲಿಗೆ ರಬ್ಬರಿನಂತೆ ಸಿಕ್ಕರೆ ಇನ್ನೂ ಆಗಿಲ್ಲ. ಇಬ್ಬನಿ ಹೆಪ್ಪುಗಟ್ಟುವ ಚಳಿ ತಿಂದ ಸೊಪ್ಪಿನಲ್ಲಿ ಸಕ್ಕರೆಯ ಅಂಶ ಹೆಚ್ಚುವುದರಿಂದ ಚಳಿಗಾಲದ ಕಾಲರ್ಡೇ ಸಿಹಿ.

ಟರ್ಕಿಯಲ್ಲಿ ಉಪ್ಪು ಇರುವುದರಿಂದ ಅರ್ಧ ಬೆಂದ ಮೇಲೆ ರುಚಿ ನೋಡಿಯೇ ಉಪ್ಪು ಹಾಕಬೇಕು. ಸೈಡರ್ ವಿನೆಗರ್ ಒಂದು ದೊಡ್ಡ ಚಮಚ, ಕೊನೆಯಲ್ಲಿ ಮಾತ್ರ. ಹುಳಿ ಮೊದಲೇ ಬಿದ್ದರೆ ಎಲೆ ಬೇಗ ಮೆತ್ತಗಾಗುವುದಿಲ್ಲ. ಬೇಗ ಬೇಯಲೆಂದು ಚಿಟಿಕೆ ಸೋಡಾ ಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೊಪ್ಪು ಲೋಳೆಯಾಗುತ್ತದೆ, ಕಟ್ಟಿಗೆ ಸೋಪಿನ ರುಚಿ ಬರುತ್ತದೆ.

ಇನ್ನು ಕಾರ್ನ್‌ಬ್ರೆಡ್, ಅಂದರೆ ಮೆಕ್ಕೆಜೋಳದ ರೊಟ್ಟಿ. ಸಕ್ಕರೆ ಬೇಕೋ ಬೇಡವೋ ಎಂಬ ಜಗಳ ದಕ್ಷಿಣದಲ್ಲಿ ಮುಗಿಯುವಂಥದ್ದಲ್ಲ. ಎಷ್ಟೋ ಆಫ್ರಿಕನ್ ಅಮೆರಿಕನ್ ಮನೆಗಳಲ್ಲಿ ಸ್ವಲ್ಪ ಸಿಹಿ ಇರುತ್ತದೆ, ಅದನ್ನು ತಪ್ಪು ಅನ್ನಲಾರೆ. ಕಟ್ಟಿನಲ್ಲಿ ನೆನೆಯಬೇಕಾದ ರೊಟ್ಟಿಗೆ ಮಾತ್ರ ಸಿಹಿ ಬೇಡವೆಂದೇ ನನ್ನ ಅಭಿಪ್ರಾಯ. ಹೊಗೆ, ವಿನೆಗರ್, ಸಕ್ಕರೆ ಮೂರೂ ಸೇರಿದರೆ ಒಂದೂ ನೆಟ್ಟಗೆ ತಿಳಿಯುವುದಿಲ್ಲ. ಅದ್ದಿ ತಿನ್ನಬೇಕೋ ಪುಡಿ ಮಾಡಿ ಹಾಕಬೇಕೋ ಎಂಬುದೂ ಚರ್ಚೆಯೇ. 1931ರಲ್ಲಿ ಲೂಸಿಯಾನಾ ರಾಜ್ಯದ ಗವರ್ನರ್ ಹ್ಯೂಯಿ ಲಾಂಗ್ ಅದ್ದಬೇಕೆಂದರೆ, ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆ ಪುಡಿ ಮಾಡಬೇಕೆಂದು ವಾದಕ್ಕೆ ನಿಂತಿತ್ತು. ನಾನು ಪುಡಿ ಮಾಡುವವರ ಪಕ್ಷ: ಅಂಚಿನ ಗರಿಗರಿ ಚೂರುಗಳು ಒಂದಿಷ್ಟು ಹೊತ್ತು ಹಾಗೇ ಉಳಿಯುತ್ತವೆ.

ಎರಡು ಕಪ್ ಕಾರ್ನ್‌ಮೀಲನ್ನು (ಮೆಕ್ಕೆಜೋಳದ ತರಿ ಹಿಟ್ಟು) 400 ಮಿಲಿ ಬಟರ್‌ಮಿಲ್ಕ್‌ನಲ್ಲಿ ಹತ್ತು ನಿಮಿಷ ನೆನೆಸಿಡುತ್ತೇನೆ. ನೆನೆಯದಿದ್ದರೆ ತರಿ ಹಲ್ಲಿಗೆ ಸಿಗುತ್ತದೆ. ಅಷ್ಟರಲ್ಲಿ ಹತ್ತಿಂಚಿನ ಬೀಡು ಕಬ್ಬಿಣದ ಬಾಣಲೆಗೆ ಎರಡು ದೊಡ್ಡ ಚಮಚ ಬೇಕನ್ ಜಿಡ್ಡು ಅಥವಾ ಎಣ್ಣೆ ಹಾಕಿ, 230 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಕಾಯಿಸಬೇಕು. ಹಿಟ್ಟಿಗೆ ಎರಡು ಮೊಟ್ಟೆ, ಒಂದು ಚಮಚ ಉಪ್ಪು. ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಸೋಡಾ ಕಟ್ಟಕಡೆಗೆ, ಏಕೆಂದರೆ ಹುಳಿ ತಾಗಿದ ಕ್ಷಣದಿಂದ ಗುಳ್ಳೆ ಏಳತೊಡಗುತ್ತವೆ, ಹಿಟ್ಟು ಕಾದಷ್ಟೂ ಅವು ಹಾರಿಹೋಗುತ್ತವೆ. ಬಾಣಲೆಗೆ ಸುರಿದಾಗ ಚುರ್ ಅನ್ನಬೇಕು. ಸದ್ದು ಬಾರದಿದ್ದರೆ ಬಾಣಲೆ ಕಾದಿಲ್ಲ, ತಳ ಗರಿಯಾಗುವುದಿಲ್ಲ, ಅಂಟುತ್ತದೆ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಸಾಕು.

ಕರ್ನಾಟಕದಲ್ಲಿ ಮಾಡುವವರು ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಬೇಡಿ. ಕೊಡುವುದು ಸಾಸ್ ಗಟ್ಟಿ ಮಾಡುವ ಬಿಳಿ ಪಿಷ್ಟ, ಅದರಲ್ಲಿ ಅಂಟಂಟು ಮುದ್ದೆಯಾಗುತ್ತದೆ. ಮೆಕ್ಕೆಜೋಳದ ಹಿಟ್ಟು, ಮೆಕ್ಕೆಜೋಳದ ರವೆ ಸಮಪಾಲು ಬೆರೆಸಿ. ನಮ್ಮ ಮಜ್ಜಿಗೆ ತೆಳು. ಮೂರು ಪಾಲು ಗಟ್ಟಿ ಮೊಸರಿಗೆ ಒಂದು ಪಾಲು ನೀರು ಸೇರಿಸಿ ಕಡೆದರೆ ಬಟರ್‌ಮಿಲ್ಕ್‌ನ ಹದ ಬರುತ್ತದೆ. ಕಾಲರ್ಡ್ ಬದಲಿಗೆ ನವಿಲುಕೋಸಿನ ಎಲೆ ಚೆನ್ನಾಗಿ ಹೊಂದುತ್ತದೆ, ಜೊತೆಗೆ ಸ್ವಲ್ಪ ಮೂಲಂಗಿ ಸೊಪ್ಪು ಸೇರಿದರೆ ಹಿತವಾದ ಕಹಿ.

ಕಟ್ಟು ಮಿಕ್ಕರೆ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು. ಅದರಲ್ಲೇ ಅಲಸಂದೆ ಬೇಯಿಸಿ. ಆಫ್ರಿಕಾದಿಂದ ಬಂದ ಈ ಕಾಳು, ಅನ್ನ, ಸೊಪ್ಪು ಸೇರಿದ ಊಟ ದಕ್ಷಿಣದಲ್ಲಿ ಹೊಸ ವರ್ಷದ ದಿನದ್ದು. ಕುಕ್ಕರ್ ಬೇಡ, ಸಿಪ್ಪೆ ಒಡೆದು ಮುದ್ದೆಯಾಗುತ್ತದೆ. ತೆರೆದ ಪಾತ್ರೆಯಲ್ಲಿ, ಮಂದ ಕುದಿಯಲ್ಲಿ, ಮುಕ್ಕಾಲು ಗಂಟೆ.